ಹದಿನಾರು ಬಾಳೆಹಣ್ಣಿನ ಲೆಕ್ಕ

ಹನ್ನೆರಡು ಜನ ಬರುತ್ತೇವೆ ಅಂದಿದ್ದರು, ನಾಲ್ಕು ಜನ ಬಂದರು. ಎಲ್ಲಾ ಶುರುವಾದದ್ದು ಅಲ್ಲಿಂದ.

2025ರಲ್ಲಿ ಬೇರೆ ಊರಿನವರಿಗೆಲ್ಲ ಆಗಸ್ಟ್ 16ಕ್ಕೇ ಕೃಷ್ಣಾಷ್ಟಮಿ ಮುಗಿದಿತ್ತು. ನಮ್ಮ ಉಡುಪಿಯಲ್ಲಿ ಹಾಗಲ್ಲ. ಇಲ್ಲಿ ಮಠದಲ್ಲಿ ಸೌರಮಾನದ ಲೆಕ್ಕ, ಸಿಂಹ ಮಾಸದೊಳಗೆ ಬರುವ ಅಷ್ಟಮಿಯೇ ಆಗಬೇಕು. ಹಾಗಾಗಿ ಸೆಪ್ಟೆಂಬರ್ 14ಕ್ಕೆ ಅಷ್ಟಮಿ, ಮರುದಿನ ವಿಟ್ಲಪಿಂಡಿ, ಅಂದರೆ ಮೊಸರುಕುಡಿಕೆಯ ಉತ್ಸವ. ಬೆಂಗಳೂರಿನಲ್ಲಿರುವ ನನ್ನ ನಾದಿನಿಗೆ ಇದೇ ಅನುಕೂಲ. ಅಲ್ಲಿ ಒಂದು ಅಷ್ಟಮಿ ಮುಗಿಸಿ ಇಲ್ಲಿ ಇನ್ನೊಂದಕ್ಕೆ ಬರಬಹುದು. ರಥಬೀದಿಯಲ್ಲಿ ಹುಲಿವೇಷ ನೋಡಲು ಅವಳ ಕಡೆಯವರು ಹನ್ನೆರಡು ಜನ ಹೊರಟಿದ್ದರು. ಘಾಟಿಯಲ್ಲಿ ಮಳೆಯಂತೆ ಎಂದು ಎಂಟು ಜನ ಹಿಂದೆ ಸರಿದರು. ಬಂದ ನಾಲ್ವರಲ್ಲಿ ಇಬ್ಬರಿಗೆ ಶುಗರ್.

ಅವರು ಕೈ ಬೀಸಿಕೊಂಡೂ ಬರಲಿಲ್ಲ. ತಮ್ಮ ಅಷ್ಟಮಿಯಲ್ಲಿ ಉಳಿದ ಚಕ್ಕುಲಿ ಒಂದು ಡಬ್ಬ ತಂದಿದ್ದರು.

"ಅಮ್ಮಾ, ಮಾಡಿ ಒಂದು ತಿಂಗಳಾಯ್ತು. ಇನ್ನೂ ಹೇಗೆ ಗರಿಗರಿ ಇದೆ ನೋಡು" ಅಂದಳು ನಾದಿನಿ. ಬೆಂಗಳೂರು ಸೇರಿದ ಮೇಲೆ ಅವಳ 'ಉಂಟು' ಎಲ್ಲ 'ಇದೆ' ಆಗಿದೆ.

ಅತ್ತೆಯ ಮುಖ ಸಣ್ಣದಾಯಿತು. ಅವರು ಮೊನ್ನೆಯಷ್ಟೇ ಕರಿದ ಚಕ್ಕುಲಿ ಆಗಲೇ ಮುರಿಯದೆ ಬಾಗುತ್ತಿತ್ತು. ತಪ್ಪು ಅವರ ಕೈಯದ್ದಲ್ಲ, ನಮ್ಮೂರಿನ ಗಾಳಿಯದ್ದು. ಮಳೆಗಾಲದಲ್ಲಿ ಮುಚ್ಚಳ ಸ್ವಲ್ಪ ಸಡಿಲ ಇದ್ದರೂ ಸಾಕು, ಅಕ್ಕಿ ಹಿಟ್ಟಿನ ಕರಿದ ತಿಂಡಿ ಪಸೆ ಹೀರಿ ಮೆತ್ತಗಾಗುತ್ತದೆ. ಮೊದಲು ಸೌದೆ ಒಲೆಯ ಮೇಲೆ ಅಟ್ಟ ಇತ್ತು, ಡಬ್ಬ ಅಲ್ಲಿಟ್ಟರೆ ಬೆಚ್ಚಗೆ ಇರುತ್ತಿತ್ತು. ಈಗ ಅಟ್ಟದ ಜಾಗದಲ್ಲಿ ಚಿಮಣಿ ಇದೆ. ಅದು ಸದ್ದು ಮಾಡುತ್ತದೆ, ಚಕ್ಕುಲಿ ಒಣಗಿಸುವುದಿಲ್ಲ.

ನೆಂಟರು ಹೊರಟ ಮೇಲೆ ನಾನೂ ಅತ್ತೆಯೂ ಅಡುಗೆಮನೆಯಲ್ಲಿ ನಿಂತು ಉಳಿದದ್ದನ್ನು ನೋಡಿದೆವು. ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಇಡ್ಲಿ, ನಮ್ಮ ಮೂಡೆ, 19. ಚಕ್ಕುಲಿ ಎರಡು ಡಬ್ಬ, ಅವರದ್ದೂ ಸೇರಿ. ಎಳ್ಳುಂಡೆ, ಕಲ್ಲಿನ ಹಾಗೆ. ಒಂದು ಪಾತ್ರೆ ಪಂಚಕಜ್ಜಾಯ. ಅರ್ಧ ಪಾತ್ರೆ ಸೌತೆಕಾಯಿ ಹುಳಿ. ಮತ್ತೆ ಕಪ್ಪಾಗಲು ಶುರುವಾದ 16 ಕದಳಿ ಬಾಳೆಹಣ್ಣು. ಬಾರದ ಎಂಟು ಜನರಿಗೆ ಎರಡೆರಡರಂತೆ ಸರಿಯಾಗಿ ಉಳಿದಿತ್ತು.

"ಸ್ವಲ್ಪ ಬಿಸಾಡುವುದಾ ಅತ್ತೆ?" ಅಂತ ಮೆಲ್ಲಗೆ ಕೇಳಿದೆ.

"ಎಂತ ಹೇಳ್ತಿ ಮಾರಾಯ್ತಿ! ಕೃಷ್ಣನಿಗೆ ನೈವೇದ್ಯ ಆದದ್ದು!"

ಹುಳಿ ನೈವೇದ್ಯಕ್ಕೆ ಇಟ್ಟದ್ದಲ್ಲ ಅಂತ ಹೇಳುವ ಧೈರ್ಯ ನನಗಿರಲಿಲ್ಲ.

ಮೂಡೆಯದ್ದು ಚಿಂತೆಯೇ ಇಲ್ಲ. ಬಿಲ್ಲೆ ಬಿಲ್ಲೆ ಕೊಯ್ದು, ಕಾವಲಿಗೆ ತೆಂಗಿನೆಣ್ಣೆ ಹಾಕಿ, ಎರಡೂ ಬದಿ ಕೆಂಪಗೆ ಮಾಡಿದರೆ ಎಲೆಯ ಪರಿಮಳ ಮತ್ತೆ ಏಳುತ್ತದೆ. ನಿಜ ಹೇಳುತ್ತೇನೆ, ನನಗೆ ಹಬ್ಬದ ದಿನದ ಮೂಡೆಗಿಂತ ಇದೇ ಇಷ್ಟ. ಅದರಲ್ಲೂ ಉಳಿದದ್ದನ್ನು ಸಂಜೆ ಹುಡಿ ಮಾಡಿ ಸಾಸಿವೆ, ಉದ್ದಿನಬೇಳೆ, ಕರಿಬೇವಿನ ಒಗ್ಗರಣೆ ಕೊಟ್ಟೆವು. ಹುಳಿಯನ್ನು ದಿನಾ ಕುದಿಸಿಟ್ಟೆವು. ಮೂರನೇ ದಿನಕ್ಕೆ ಅದರಲ್ಲಿ ಸೌತೆಕಾಯಿ ಕಾಣೆಯಾಗಿತ್ತು, ರುಚಿ ಮಾತ್ರ ಜಾಸ್ತಿಯಾಗಿತ್ತು. ಕೊನೆಯ ಸೌಟು ಎಂದಿನಂತೆ ಇವರ ತಟ್ಟೆಗೆ. ಪೇಪರ್ ಓದುತ್ತಾ ಊಟ ಮಾಡುವ ಗಂಡ ಇದ್ದರೆ ಸಣ್ಣ ಫ್ರಿಜ್ ಸಾಕು.

ಎಳ್ಳುಂಡೆಗೆ ಬೆಲ್ಲದ ಪಾಕ ಒಂದು ಕುದಿ ಹೆಚ್ಚಾಗಿತ್ತು. ಅತ್ತೆಯದ್ದು ಕಟ್ಟಿಸಿದ ಹಲ್ಲು, ಅವರು ಅದನ್ನು ಮುಟ್ಟಲೂ ಇಲ್ಲ. ನಾನು ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಏಲಕ್ಕಿ ಹಾಕಿ ನುಣ್ಣಗೆ ರುಬ್ಬಿ, ಹಾಲು ಬೆರೆಸಿದೆ. ಒಳ್ಳೆಯ ಎಳ್ಳು ಜ್ಯೂಸ್ ಆಯಿತು. ಇಡೀ ವಾರದಲ್ಲಿ ನಾನು ಗೆದ್ದದ್ದು ಇದೊಂದೇ. ಆದರೆ ಹೊರಗೆ ಮಳೆ ಹೊಯ್ಯುತ್ತಿರುವಾಗ ತಂಪು ಜ್ಯೂಸ್ ಯಾರಿಗೆ ಬೇಕು? ಮೂರು ಲೋಟವನ್ನೂ ಇವರೇ ಕುಡಿದರು. ಮರುದಿನ ಅವರಿಗೆ ಶೀತ, ನನಗೆ ಕಷಾಯ ಕಾಯಿಸುವ ಕೆಲಸ.

ಚಕ್ಕುಲಿಯ ಜವಾಬ್ದಾರಿಯನ್ನು ಇವರೇ ವಹಿಸಿಕೊಂಡರು, ಮೂಗು ಒರೆಸಿಕೊಳ್ಳುತ್ತಾ. ಓವನ್‌ನಲ್ಲಿ ಸಣ್ಣ ಬಿಸಿಗೆ ಹತ್ತು ನಿಮಿಷ ಇಟ್ಟು, ತಣಿಯಲು ಬಿಟ್ಟರೆ ಮೊದಲಿನ ಹಾಗೆ ಆಗುತ್ತದಂತೆ. ಮಾತು ಸುಳ್ಳಲ್ಲ. ಮೊದಲ ತಟ್ಟೆ ಚೆನ್ನಾಗಿಯೇ ಬಂತು. ಎರಡನೇ ತಟ್ಟೆ ಇಟ್ಟ ಹೊತ್ತಿಗೆ ನಾದಿನಿಯ ಫೋನ್ ಬಂತು. ಅಣ್ಣ ತಂಗಿ ಮಾತಿಗೆ ಕೂತರೆ ಹತ್ತು ನಿಮಿಷ ಯಾವ ಲೆಕ್ಕ? ವಾಸನೆ ಬಂದು ನೋಡಿದರೆ ಒಳಗೆ ಇದ್ದಿಲಿನ ಬಳೆಗಳು. ಆ ಗಡಿಬಿಡಿಯಲ್ಲಿ ಬೆಂಗಳೂರಿನ ಡಬ್ಬದ ಮುಚ್ಚಳ ಯಾರೋ ತೆರೆದದ್ದು ಹಾಗೇ ಇತ್ತು. ಬೆಳಿಗ್ಗೆ ಅತ್ತೆ ಅದರಿಂದ ಒಂದು ಚಕ್ಕುಲಿ ಎತ್ತಿ ಬಗ್ಗಿಸಿ ನೋಡಿದರು. ಮುರಿಯಲಿಲ್ಲ.

"ನೋಡು, ಅದೂ ಹಾಗೇ" ಅಂದರು. ನೆಂಟರು ಬಂದ ದಿನದಿಂದ ಅವರು ಅಷ್ಟು ಖುಷಿಯಾಗಿದ್ದದ್ದು ಅವತ್ತೇ.

ಮತ್ತೆ ಎರಡೂ ಡಬ್ಬದ್ದನ್ನು ಪುಡಿ ಮಾಡಿ ಮೊಸರಿಗೆ ಹಾಕಿ, ಒಗ್ಗರಣೆ ಕೊಟ್ಟು ತಿನ್ನಲು ಶುರು ಮಾಡಿದೆವು. ರುಚಿ ಇತ್ತು. ಆದರೆ ಚಕ್ಕುಲಿ ಮೊಸರು ಕುಡಿಯುವುದನ್ನು ನೀವು ನೋಡಬೇಕು! ಎರಡು ಲೀಟರ್ ಮುಗಿದರೂ ಡಬ್ಬದ ತಳ ಕಾಣಲಿಲ್ಲ. ಒಂದು ಹಿಡಿ ಕಡ್ಲೆ ಗಸಿಗೂ ಹೋಯಿತು, ಗಟ್ಟಿಯಾಗಲಿ ಎಂದು. ಅದು ಎಷ್ಟು ಗಟ್ಟಿಯಾಯಿತೆಂದರೆ ಸೌಟು ನೆಟ್ಟಗೆ ನಿಂತಿತು.

ಇಷ್ಟೆಲ್ಲ ಆಗುವ ಮೊದಲೇ, ಎರಡನೇ ದಿನವೇ, ಪಂಚಕಜ್ಜಾಯದ ಗತಿ ನೋಡಬೇಕಾಗಿತ್ತು. ಹಸಿ ಕಾಯಿತುರಿ ಬಿದ್ದದ್ದು ಹೆಚ್ಚು ತಾಳುವುದಿಲ್ಲ. ಅದಕ್ಕೆ ಇನ್ನಷ್ಟು ಬೆಲ್ಲ ಹಾಕಿ ಬಾಣಲೆಯಲ್ಲಿ ಬಾಡಿಸಿ, ಉಂಡೆ ಕಟ್ಟಿ, ದೋಸೆ ಹಿಟ್ಟಿನಲ್ಲಿ ಅದ್ದಿ ಕರಿದರೆ ಸುಕ್ರುಂಡೆ. ಹಿಟ್ಟು ಸ್ವಲ್ಪ ನೀರಾಗಿತ್ತು. ಮೊದಲ ನಾಲ್ಕು ಉಂಡೆ ಎಣ್ಣೆಯಲ್ಲೇ ಬಿಚ್ಚಿಕೊಂಡವು. ನಾನು ಪಾತ್ರೆಯ ಮುಚ್ಚಳವನ್ನು ಗುರಾಣಿ ಹಿಡಿದ ಹಾಗೆ ಹಿಡಿದು ಉಳಿದದ್ದನ್ನು ಕರಿದೆ. ಬಾಣಲೆಯಲ್ಲಿ ಅರ್ಧ ಲೀಟರ್ ಎಣ್ಣೆ ಉಳಿಯಿತು.

"ಎಣ್ಣೆ ಉಂಟಲ್ಲ, ಹೇಗೂ ಬಾಳೆಹಣ್ಣೂ ಉಂಟು. ಬನ್ಸ್ ಮಾಡಿಬಿಡುವ" ಅಂದರು ಅತ್ತೆ.

ಹಣ್ಣಾಗಿ ಕಪ್ಪಾದ ಬಾಳೆಹಣ್ಣಿಗೆ ಕರಾವಳಿಯಲ್ಲಿ ಇರುವ ದಾರಿ ಅದೇ ಅಲ್ವಾ? ರಾತ್ರಿ 16 ಹಣ್ಣನ್ನೂ ಕಿವುಚಿ, ಸಕ್ಕರೆ, ಮೊಸರು, ಜೀರಿಗೆ, ಉಪ್ಪು, ಚಿಟಿಕೆ ಸೋಡ ಹಾಕಿ, ಹಿಡಿಯುವಷ್ಟು ಮೈದಾ ಸೇರಿಸಿ ಕಲಸಿಟ್ಟೆ. ಬೆಳಿಗ್ಗೆ ಮುಚ್ಚಳ ತೆಗೆದು ಕೈ ಇಟ್ಟರೆ ಮಣಿಕಟ್ಟಿನವರೆಗೆ ಒಳಗೆ ಹೋಯಿತು. ಬಾಳೆಹಣ್ಣೂ ಸಕ್ಕರೆಯೂ ಸೇರಿ ರಾತ್ರಿಯಿಡೀ ನೀರು ಬಿಟ್ಟಿದ್ದವು. ಇನ್ನಷ್ಟು ಮೈದಾ ಹಾಕಿದೆ. ಸಾಲಲಿಲ್ಲ. ಇವರನ್ನು ಅಂಗಡಿಗೆ ಓಡಿಸಿದೆ. ಹಿಟ್ಟು ಕೈಗೆ ಅಂಟುವುದು ನಿಲ್ಲುವಾಗ ಒಂದೂವರೆ ಕಿಲೋ ಮೈದಾ ಮುಗಿದಿತ್ತು. ಹಿಟ್ಟು ದೊಡ್ಡ ಪಾತ್ರೆಗೆ ಸ್ಥಳಾಂತರವಾಗಿತ್ತು.

ಇನ್ನು ಆ ಅರ್ಧ ಲೀಟರ್ ಎಣ್ಣೆ. ಯಾವುದಕ್ಕಾಗಿ ಇದೆಲ್ಲ ಶುರುವಾಯಿತೋ ಅದು ಸುಟ್ಟ ಬೆಲ್ಲದಿಂದ ಕಪ್ಪಗಾಗಿ, ಒಂದು ಬನ್ಸನ್ನೂ ಕರಿಯಲಾಗದ ಸ್ಥಿತಿಯಲ್ಲಿತ್ತು. ಹೊಸ ಪ್ಯಾಕೆಟ್ ಒಡೆದೆವು.

ಒಟ್ಟು ಬನ್ಸ್ 55. ಲೆಕ್ಕ ಹೀಗೆ: 16 ಬಾಳೆಹಣ್ಣು ಹಾಳಾಗದಿರಲಿ ಎಂದು ಒಂದೂವರೆ ಕಿಲೋ ಮೈದಾ, ಕಾಲು ಕಿಲೋ ಸಕ್ಕರೆ, ಅರ್ಧ ಲೀಟರ್ ಮೊಸರು, ಒಂದು ಲೀಟರ್ ಎಣ್ಣೆ. ಮನೆಯಲ್ಲಿ ತಿನ್ನುವವರು ಮೂರು ಜನ. ಅವರಲ್ಲಿ ಒಬ್ಬರಿಗೆ ಶೀತ.

ಹನ್ನೆರಡು ಬನ್ಸನ್ನು ಸ್ಟೀಲ್ ಡಬ್ಬಕ್ಕೆ ತುಂಬಿ ಪಕ್ಕದ ಮನೆಗೆ ಹೊರಟೆ. ಗೇಟಿನ ಹತ್ತಿರವೇ ಆ ಮನೆಯ ಅಕ್ಕ ಸಿಕ್ಕಿದರು. ಅವರ ಕೈಯಲ್ಲೂ ಒಂದು ಡಬ್ಬ.

"ನಿಮ್ಮಲ್ಲಿಗೇ ಬರ್ತಾ ಇದ್ದೆ" ಅಂದರು.

"ಎಂತ ಅಕ್ಕಾ ಅದು?"

"ಸ್ವಲ್ಪ ಬನ್ಸ್. ಹಬ್ಬದ್ದು ಬಾಳೆಹಣ್ಣು ಸುಮ್ನೆ ಹಾಳಾಗ್ತದಲ್ಲಾ ಅಂತ…"

ಇಬ್ಬರೂ ಒಬ್ಬರ ಡಬ್ಬ ಒಬ್ಬರು ನೋಡಿಕೊಂಡೆವು. ತಂದದ್ದನ್ನು ವಾಪಸು ತೆಗೆದುಕೊಂಡು ಹೋಗುವುದು ಸರಿಯಲ್ಲ. ಬದಲಾಯಿಸಿಕೊಂಡು ಮನೆಗೆ ಬಂದೆವು. ಅವರದ್ದರಲ್ಲಿ ಹದಿನೈದಿತ್ತು. ಅಂದರೆ ನಾನು ಮೂರು ಬನ್ಸ್ ಲಾಭ ಮಾಡಿಕೊಂಡು ಬಂದಿದ್ದೆ.

ಅತ್ತೆ ಒಂದು ತಿಂದು ನೋಡಿ, "ಸೋಡ ಸ್ವಲ್ಪ ಜಾಸ್ತಿ" ಅಂದರು. ಇವರು ಪೇಪರ್ ಓದುತ್ತಾ ಎರಡು ತಿಂದರು.

ಈಗ ಆ ಡಬ್ಬದ ಪ್ರಶ್ನೆ. ಖಾಲಿ ಪಾತ್ರೆ ಹಿಂದೆ ಕೊಡಬಾರದು ಅಂತ ಅತ್ತೆಯ ನಿಯಮ, ಏನಾದರೂ ಹಾಕಿಯೇ ಕೊಡಬೇಕು. ಮನೆಯಲ್ಲಿ ಇರುವುದು ಚಕ್ಕುಲಿ ಪುಡಿ. ತೊಳೆದು ಒರೆಸಿದ ಡಬ್ಬ ಎರಡು ವಾರದಿಂದ ಫ್ರಿಜ್ಜಿನ ಮೇಲೆ ಕೂತಿದೆ. ನಮ್ಮ ಡಬ್ಬ ಕೊಡಲು ಅವರೂ ಇತ್ತ ಬಂದಿಲ್ಲ.