ನಿಂಬೆಹಣ್ಣಿನ ಪಕ್ಕದ ನಾಲ್ಕು ಅಂಕಿ

2025ರ ದಸರಾಕ್ಕೆ ಜರ್ಮನಿಯಿಂದ ಊರಿಗೆ ಬಂದಿದ್ದೆ. ಮೈಸೂರಿನ ಕುವೆಂಪುನಗರದಲ್ಲಿ ಅಕ್ಕನ ಮನೆ. ಅಕ್ಟೋಬರ್ 1, ಆಯುಧಪೂಜೆ. ಭಾವ ಬೆಳಗ್ಗೆ ಆರಕ್ಕೇ ಎದ್ದು ಕಾರು ತೊಳೆದಿದ್ದರು. ಮುಂದೆ ಎರಡು ಬಾಳೆಕಂದು ಕಟ್ಟಿ, ಸೇವಂತಿಗೆ ಹಾರ ಹಾಕಿ, ಬಾನೆಟ್ ಮೇಲೆ ವಿಭೂತಿ ಬಳಿದು ಕುಂಕುಮ ಇಟ್ಟಾಗಿತ್ತು. ಚಕ್ರದ ಕೆಳಗೆ ನಿಂಬೆಹಣ್ಣು ಇಡುವ ಕೆಲಸ ನನ್ನದು. ಮುಂದಿನ ಎಡ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತೆ. ಹಣ್ಣು ಇಡುವಾಗ ಟೈರಿನ ಪಕ್ಕೆಯ ಮೇಲೆ ಒತ್ತಿದ್ದ ನಾಲ್ಕು ಅಂಕಿ ಕಣ್ಣಿಗೆ ಬಿತ್ತು: 1917.

ಅದು ಇಸವಿ ಅಲ್ಲ. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. 2017ರ 19ನೇ ವಾರ, ಅಂದರೆ ಮೇ ತಿಂಗಳಲ್ಲಿ ಆ ಟೈರು ತಯಾರಾಗಿದೆ. ಎಂಟು ವರ್ಷ ದಾಟಿತ್ತು. ಬೆರಳಲ್ಲಿ ಸವರಿದೆ. ಗ್ರಿಪ್ ಚೆನ್ನಾಗಿಯೇ ಇತ್ತು. ಆದರೆ ಗೀರುಗಳ ಬುಡದಲ್ಲಿ, ಪಕ್ಕೆಯ ಮೇಲೆ, ಕೂದಲೆಳೆಯಷ್ಟು ಸಣ್ಣ ಬಿರುಕುಗಳು. ನಮ್ಮ ಮಂಡ್ಯದ ಕಡೆ ನಾಲೆ ನೀರು ಬರುವುದು ನಿಂತ ಗದ್ದೆ ಬಿರುಕು ಬಿಡುತ್ತಲ್ಲ, ಹಾಗೆ.

"ಭಾವ, ಟೈರ್ ಬದಲಾಯಿಸಬೇಕು" ಅಂದೆ.

"ಬರೀ ಮೂವತ್ತೊಂದು ಸಾವಿರ ಕಿಲೋಮೀಟರ್ ಓಡಿರೋದು ಕಣೋ. ಇನ್ನೂ ಹತ್ತು ಹದಿನೈದು ಸಾವಿರ ಆರಾಮಾಗಿ ಓಡುತ್ತೆ."

ಭಾವನ ಮಾತು ತಪ್ಪು ಅಂತ ಹೇಳಲಾರೆ. ನಮ್ಮ ಕಡೆ ಎಲ್ಲರೂ ಟೈರನ್ನು ಅಳೆಯುವುದೇ ಕಿಲೋಮೀಟರ್ ಲೆಕ್ಕದಲ್ಲಿ. ಸವೆದು ನೈಸಾದರೆ ಬದಲಾಯಿಸುತ್ತಾರೆ, ಇಲ್ಲವಾದರೆ ಇಲ್ಲ. ಟೈರಿಗೂ ವಯಸ್ಸಾಗುತ್ತದೆ ಅನ್ನೋದು ಮಾತ್ರ ನಮ್ಮ ಲೆಕ್ಕಕ್ಕೆ ಬರುವುದೇ ಇಲ್ಲ. ಮ್ಯೂನಿಕ್‌ಗೆ ಹೋಗುವವರೆಗೆ ನನಗೂ ಗೊತ್ತಿರಲಿಲ್ಲ.

ಪಕ್ಕದ ಮನೆ ಅಂಕಲ್ ಪೂಜೆಯ ಪ್ರಸಾದ ಕೊಡಲು ಬಂದರು. ಅವರು ಕೆಆರ್‌ಎಸ್ ರಸ್ತೆಯ ವಿಕ್ರಾಂತ್ ಟೈರ್ ಕಾರ್ಖಾನೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. 1997ರಲ್ಲಿ ಅದು ಜೆಕೆ ಟೈರ್ ಕೈಗೆ ಹೋದರೂ ಮೈಸೂರಿನವರ ಬಾಯಲ್ಲಿ ಇವತ್ತಿಗೂ ವಿಕ್ರಾಂತ್ ಅಂತಲೇ. ಎಷ್ಟೋ ಮನೆಗಳು ಆ ಸಂಬಳದಲ್ಲಿ ನಡೆದಿವೆ. ನಮ್ಮ ಮಾತು ಕೇಳಿ ಅವರೂ ಬಗ್ಗಿ ನೋಡಿದರು.

"ನೋಡಪ್ಪಾ, ರಬ್ಬರ್‌ನಲ್ಲಿ ಒಂದು ಥರ ಮೇಣ ಬೆರೆಸಿರ್ತೀವಿ. ಟೈರ್ ಉರುಳಿದರೆ ಅದು ಒಳಗಿಂದ ಮೇಲಕ್ಕೆ ಬರುತ್ತೆ, ಬಿಸಿಲು ಗಾಳಿಯಿಂದ ಕಾಪಾಡುತ್ತೆ. ನಿಂತಲ್ಲೇ ನಿಂತರೆ ಬರಲ್ಲ. ಜಾಸ್ತಿ ಓಡದ ಕಾರಿನ ಟೈರೇ ಬೇಗ ಒಣಗೋದು."

ಮೂವತ್ತೊಂದು ಸಾವಿರ ಅನ್ನೋದು ಸಮಾಧಾನದ ವಿಷಯವೇ ಅಲ್ಲ ಅಂತಾಯಿತು. ಕಾರು ಗೇಟಿನ ಹೊರಗೆ ಬಿಸಿಲಲ್ಲೇ ನಿಲ್ಲುತ್ತದೆ. ವಾರಕ್ಕೊಮ್ಮೆ ದೇವರಾಜ ಮಾರುಕಟ್ಟೆ, ತಿಂಗಳಿಗೊಮ್ಮೆ ನಂಜನಗೂಡು, ಅಷ್ಟೇ ಓಡಾಟ. ಡಿಕ್ಕಿ ತೆಗೆದು ಸ್ಟೆಪ್ನಿ ನೋಡಿದೆವು. ಒಂದು ದಿನವೂ ನೆಲ ಮುಟ್ಟಿರಲಿಲ್ಲ, ಮಿರಮಿರ ಹೊಳೆಯುತ್ತಿತ್ತು. ಅದರ ಮೇಲೂ 1917.

ಇದಕ್ಕೆ ನಾನು ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣ ಇದೆ. ಮುಂದಿನ ವಾರ ಭಾವ ಐದು ಜನರನ್ನು ಕೂರಿಸಿಕೊಂಡು ಬೆಂಗಳೂರಿಗೆ ಹೊರಟಿದ್ದರು. ಹಳೇ ಬೆಂಗಳೂರು ರಸ್ತೆ ನೆನಪಿದೆಯಲ್ಲ? ಮಂಡ್ಯ ಪೇಟೆ, ಮದ್ದೂರು, ಚನ್ನಪಟ್ಟಣ, ಊರೂರಿಗೂ ಹಂಪು, ಎದುರಿಗೆ ಕಬ್ಬಿನ ಗಾಡಿ. ಎಂಬತ್ತು ಮುಟ್ಟುವಷ್ಟರಲ್ಲಿ ಬ್ರೇಕ್ ಹಾಕಬೇಕಿತ್ತು. ಮದ್ದೂರಲ್ಲಿ ವಡೆ ತಿನ್ನಲು ನಿಲ್ಲಿಸಿದರೆ ಟೈರೂ ತಣ್ಣಗಾಗುತ್ತಿತ್ತು. 2023ರ ಮಾರ್ಚ್‌ನಲ್ಲಿ 118 ಕಿ.ಮೀ. ಉದ್ದದ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಈಗ ಹತ್ತಿದರೆ ಇಳಿಯುವವರೆಗೂ ಗಂಟೆಗೆ ನೂರು. ಗಾಳಿ ಕಮ್ಮಿ ಇರುವ ಟೈರು ಪ್ರತಿ ಸುತ್ತಿಗೂ ಪಕ್ಕೆಯಲ್ಲಿ ಮಡಚಿಕೊಳ್ಳುತ್ತದೆ. ಮಡಚಿದಷ್ಟೂ ಕಾಯುತ್ತದೆ. ಒಣಗಿ ಬಿರುಕು ಬಿಟ್ಟ ಟೈರು ಆ ಕಾವನ್ನು ತಡೆಯುವುದಿಲ್ಲ. ಕುವೆಂಪುನಗರದ ಬೀದಿಯಲ್ಲಿ ಇನ್ನೂ ಎರಡು ವರ್ಷ ಬಾಳುವ ಟೈರು, ಆ ರಸ್ತೆಯಲ್ಲಿ ಒಂದೇ ಗಂಟೆಯಲ್ಲಿ ಒಡೆಯಬಹುದು. ರಸ್ತೆ ಬದಲಾಯಿತು, ಟೈರು ನೋಡುವ ನಮ್ಮ ರೂಢಿ ಬದಲಾಗಲಿಲ್ಲ. ನನ್ನ ಚಿಂತೆಯೆಲ್ಲ ಅದೇ.

ಜರ್ಮನಿಯಲ್ಲಿ ಟೈರು ನೋಡುವ ರೂಢಿಯನ್ನು ಕಾನೂನೇ ಮಾಡಿಸಿದೆ. ಭಾರತದ ಲೈಸೆನ್ಸ್ ಅಲ್ಲಿ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಮೊದಲಿಂದ ಪರೀಕ್ಷೆ ಬರೆಯಬೇಕು, ಓಡಿಸಿ ತೋರಿಸಬೇಕು. ನನ್ನ ಪರೀಕ್ಷೆಯ ದಿನ ಪರೀಕ್ಷಕರು ಸೀಟಿನಲ್ಲಿ ಕೂರುವ ಮೊದಲೇ ಕೇಳಿದ್ದು, "ಈ ಟೈರು ಓಡಿಸಲು ಯೋಗ್ಯವಾಗಿದೆಯಾ? ಹೇಗೆ ಗೊತ್ತು, ತೋರಿಸಿ." ಗೀರಿನ ಆಳ ಕನಿಷ್ಠ 1.6 ಮಿ.ಮೀ. ಇರಬೇಕು. ಗೀರುಗಳ ತಳದಲ್ಲಿ ಸಣ್ಣ ದಿಬ್ಬಗಳಿರುತ್ತವೆ. ರಬ್ಬರ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಟೈರಿನ ಕಥೆ ಮುಗಿಯಿತು. ಭಾರತದ ನಿಯಮವೂ 1.6 ಮಿ.ಮೀ. ಅಂತಲೇ ಹೇಳುತ್ತದೆ, ನಮ್ಮ ಟೈರಲ್ಲೂ ಅದೇ ದಿಬ್ಬಗಳಿವೆ. ಆದರೆ ಊರಲ್ಲಿ ನಾನು ಲೈಸೆನ್ಸ್ ತೆಗೆದಾಗ ಟೈರಿನ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ.

ಅಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ ಮೊದಲ ತಪಾಸಣೆ. ಆಮೇಲೆ ಎರಡು ವರ್ಷಕ್ಕೊಮ್ಮೆ. ಜನ ಅದನ್ನು ಟ್ಯೂಫ್ ಅಂತ ಕರೆಯುತ್ತಾರೆ. ಪಾಸಾದರೆ ಹಿಂದಿನ ನಂಬರ್ ಪ್ಲೇಟಿಗೆ ಒಂದು ಗುಂಡನೆಯ ಸ್ಟಿಕ್ಕರ್. ವರ್ಷ ವರ್ಷಕ್ಕೂ ಬಣ್ಣ ಬೇರೆ. ಮುಂದಿನ ತಪಾಸಣೆಯ ತಿಂಗಳು ಸ್ಟಿಕ್ಕರ್‌ನ ನೆತ್ತಿಗೆ ಬರುವ ಹಾಗೆ ಅಂಟಿಸುತ್ತಾರೆ. ಪೊಲೀಸರು ದೂರದಿಂದಲೇ ಓದುತ್ತಾರೆ. ಸವೆದ ಟೈರಲ್ಲಿ ಸಿಕ್ಕಿಬಿದ್ದರೆ 60 ಯೂರೋ ದಂಡ, ಲೈಸೆನ್ಸ್ ಲೆಕ್ಕದಲ್ಲಿ ಒಂದು ಕಪ್ಪು ಪಾಯಿಂಟ್. ಸೆಕೆಂಡ್ ಹ್ಯಾಂಡ್ ಕಾರಿನ ಜಾಹೀರಾತಲ್ಲಿ "ಟ್ಯೂಫ್ ಹೊಸದು" ಅಂತ ಬರೆದರೆ ಅದಕ್ಕೇ ಬೆಲೆ ಜಾಸ್ತಿ.

ನಮ್ಮಲ್ಲಿ ಸ್ವಂತದ ಕಾರಿಗೆ ಹದಿನೈದು ವರ್ಷ ಎಫ್‌ಸಿ, ಅಂದರೆ ಓಡಿಸಲು ಯೋಗ್ಯ ಅನ್ನೋ ತಪಾಸಣೆ, ಇಲ್ಲ. ಹೊಗೆ ತಪಾಸಣೆ, ಇನ್ಶೂರೆನ್ಸ್ ಇದ್ದರೆ ಸಾಕು. ಹದಿನೈದು ವರ್ಷದಲ್ಲಿ ಟೈರಿನ ಎರಡು ತಲೆಮಾರು ಕಳೆದುಹೋಗಬೇಕು. ಐದು ವರ್ಷಕ್ಕಾದರೂ ಒಮ್ಮೆ ಬ್ರೇಕು, ಟೈರು, ದೀಪ ನೋಡುವ ತಪಾಸಣೆ ಬೇಕೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಇನ್ನೊಂದು ಖರ್ಚು, ಇನ್ನೊಂದು ಕ್ಯೂ ಅಂತ ಜನ ಬೈಯಬಹುದು. ಆದರೂ ಬೇಕು.

ಹಾಗಂತ ಅಲ್ಲಿಯದೆಲ್ಲ ಚಂದ ಅಂತಲ್ಲ. ಪಂಚರ್ ವಿಷಯವನ್ನೇ ನೋಡಿ. ಮ್ಯೂನಿಕ್‌ನಲ್ಲಿ ನನ್ನ ಪೋಲೋ ಕಾರಿಗೆ ಮೊಳೆ ಚುಚ್ಚಿತು. ಎರಡು ವರ್ಕ್‌ಶಾಪ್‌ಗಳು ರಿಪೇರಿ ಮಾಡುವುದೇ ಇಲ್ಲ ಅಂದವು. ಮೂರನೆಯವರು ನಾಲ್ಕು ದಿನ ಬಿಟ್ಟು ಬನ್ನಿ ಅಂದರು. ಅಕ್ಟೋಬರ್ ಬಂದರಂತೂ ಕೇಳಲೇಬೇಡಿ. ಇಡೀ ದೇಶ ಚಳಿಗಾಲದ ಟೈರಿಗೆ ಬದಲಾಗುತ್ತದೆ. ಎರಡು ವಾರ ಮೊದಲೇ ಅಪಾಯಿಂಟ್‌ಮೆಂಟ್ ಬೇಕು.

ಮೈಸೂರಲ್ಲಿ? ರಿಂಗ್ ರೋಡ್ ಪಕ್ಕದ ಒಂದು ಶೀಟಿನ ಅಂಗಡಿ. ಆ ಅಣ್ಣ ಟೈರಿನ ಮೇಲೆ ಸೋಪಿನ ನೀರು ಸುರಿದ. ಗುಳ್ಳೆ ಎದ್ದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ. ಇಕ್ಕಳದಲ್ಲಿ ಮೊಳೆ ಕಿತ್ತ. ಅರದಂಥ ಸಲಾಕೆಯನ್ನು ತೂತಿಗೆ ಹಾಕಿ ನಾಲ್ಕು ಸಲ ಉಜ್ಜಿದ. ಕಂದು ಬಣ್ಣದ ಅಂಟಿನ ಬತ್ತಿಗೆ ಸಲ್ಯೂಷನ್ ಸವರಿ, ದೊಡ್ಡ ಸೂಜಿಯಲ್ಲಿ ಪೋಣಿಸಿ, ಒಳಗೆ ತಳ್ಳಿ ಗಕ್ಕನೆ ಎಳೆದ. ಹೊರಗೆ ಉಳಿದ ಬಾಲ ಕತ್ತರಿಸಿದ. ಮತ್ತೆ ನೀರು ಸುರಿದು ನೋಡಿದ. ಹತ್ತೇ ನಿಮಿಷ. ಪಕ್ಕೆಯಲ್ಲಿ ಚುಚ್ಚಿದ್ದರೆ ಮಾತ್ರ, "ಸೈಡಲ್ಲಿ ಆದ್ರೆ ನಾನು ಹಾಕಲ್ಲ ಸಾರ್, ಅದು ನಿಲ್ಲಲ್ಲ" ಅಂದ. ಯಾವ ಸರ್ಟಿಫಿಕೇಟೂ ಇಲ್ಲದ ಆ ಮನುಷ್ಯನ ತಿಳಿವಳಿಕೆ ಪುಸ್ತಕಕ್ಕೆ ಸರಿಯಾಗಿತ್ತು. ಇಂಥವರು ಬೀದಿಬೀದಿಯಲ್ಲಿ ಇರುವುದು ನಮ್ಮ ಭಾಗ್ಯ. ಹೊರಗೆ ಇದ್ದು ಬಂದವರಿಗೆ ಅದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.

ಕಾರು ಆರಿಸುವುದರಲ್ಲೂ ನಮ್ಮವರು ಜಾಣರು. ಆ ದಸರಾದಲ್ಲಿ ಅಕ್ಕನ ಬೀದಿಯಲ್ಲಿ ಎರಡು ಹೊಸ ಕಾರು ಬಂದಿದ್ದವು. ನವರಾತ್ರಿಯ ಮೊದಲ ದಿನವೇ, ಸೆಪ್ಟೆಂಬರ್ 22ರಿಂದ, ಸಣ್ಣ ಕಾರಿನ ಜಿಎಸ್‌ಟಿ ಶೇ. 18ಕ್ಕೆ ಇಳಿದಿತ್ತು. ನಾಲ್ಕು ಮೀಟರ್ ಒಳಗಿನ ಉದ್ದ, ಪೆಟ್ರೋಲ್ ಆದರೆ 1200 ಸಿಸಿ ಒಳಗಿನ ಎಂಜಿನ್. ಕೊಂಡವರೊಬ್ಬರು ಸಿಕ್ಕಿದಾಗ ಕೇಳಿದೆ. ಮೈಲೇಜ್ ಎಷ್ಟು, ಸರ್ವಿಸ್ ಹತ್ತಿರ ಇದೆಯಾ, ಐದು ವರ್ಷದ ಮೇಲೆ ಮಾರಿದರೆ ಎಷ್ಟು ಬರುತ್ತೆ, ಅಪ್ಪ ಅಮ್ಮ ಹಿಂದೆ ಹತ್ತಿ ಇಳಿಯಲು ಎತ್ತರ ಸರಿಯಾಗಿದೆಯಾ, ಎಲ್ಲ ಲೆಕ್ಕ ಹಾಕಿದ್ದರು. ಮೂರು ತಿಂಗಳು ಹುಡುಕಿದ್ದಾರೆ. ಇಷ್ಟು ಶ್ರದ್ಧೆ ಇರುವವರಿಗೆ ಟೈರಿನ ವಯಸ್ಸು ನೋಡುವುದು ಕಷ್ಟವೇ ಅಲ್ಲ. ಯಾರಾದರೂ ಒಮ್ಮೆ ತೋರಿಸಿಕೊಡಬೇಕು, ಅಷ್ಟೇ.

ಭಾವ ಒಪ್ಪಿದ್ದು ಅಕ್ಕ ಹೇಳಿದ ಮೇಲೆ. "ಮಕ್ಕಳನ್ನ ಕೂರಿಸ್ಕೊಂಡು ಹೋಗೋದು ನೀವೇ ಅಲ್ವಾ? ಹಾಕಿಸ್ಬಿಡಿ, ನನಗೂ ನೆಮ್ಮದಿ." ವಿಜಯದಶಮಿ ಕಳೆದ ಮಾರನೇ ದಿನ ಹೋದೆವು. ಸೈಜು 165/70 ಆರ್14. ಅಗಲ 165 ಮಿ.ಮೀ., ಪಕ್ಕೆಯ ಎತ್ತರ ಅಗಲದ ಶೇ. 70, ರಿಮ್ 14 ಇಂಚು. ಮೊದಲ ಅಂಗಡಿಯಲ್ಲಿ ತಂದಿಟ್ಟ ಟೈರುಗಳು ಮೂರು ವರ್ಷ ಹಳೆಯವು. "ಹೊಸ ಸ್ಟಾಕೇ ಸಾರ್, ಪೇಪರ್ ಕೂಡ ಕಿತ್ತಿಲ್ಲ" ಅಂದರು. ಪೇಪರ್ ಕಿತ್ತಿಲ್ಲ ನಿಜ, ಅಂಕಿ ಸುಳ್ಳು ಹೇಳುವುದಿಲ್ಲ. ಎದ್ದು ಬಂದೆವು. ಎರಡನೇ ಅಂಗಡಿಯ ಯಜಮಾನರು ಕೇಳಿದ ತಕ್ಷಣ ಗೋಡೌನ್‌ನಿಂದ 3125 ಅಂತ ಇರುವ ನಾಲ್ಕು ತರಿಸಿದರು. ಅಂಕಿ ಕೆಲವು ಸಲ ಒಂದೇ ಪಕ್ಕೆಯಲ್ಲಿ ಇರುತ್ತದೆ, ತಿರುಗಿಸಿ ನೋಡಬೇಕು. ಟೈರಿನ ಮೇಲಿನ ತೆರಿಗೆಯೂ ಅದೇ ಸೆಪ್ಟೆಂಬರ್‌ನಲ್ಲಿ 28ರಿಂದ 18ಕ್ಕೆ ಇಳಿದಿದ್ದರಿಂದ ಸ್ವಲ್ಪ ಉಳಿಯಿತು. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡಿಸಿದೆವು. ನೈಟ್ರೋಜನ್ ಬೇಡ ಅಂದೆ. ನಾವು ಉಸಿರಾಡುವ ಗಾಳಿಯಲ್ಲೇ ಶೇ. 78 ಅದೇ ಇದೆ. ಆ ದುಡ್ಡಿಗೆ ಗಾಳಿ ನೋಡುವ ಒಂದು ಸಣ್ಣ ಗೇಜ್ ಕೊಂಡೆವು.

ಎರಡೇ ಟೈರು ಬದಲಾಯಿಸುವವರಿಗೆ ಒಂದು ಮಾತು. ಹೊಸದನ್ನು ಮುಂದಕ್ಕೆ ಹಾಕುವುದು ನಮ್ಮಲ್ಲಿ ವಾಡಿಕೆ. ಹಿಂದಕ್ಕೆ ಹಾಕಿಸಿ. ಮಳೆಯಲ್ಲಿ ಮುಂದಿನ ಚಕ್ರ ಜಾರಿದರೆ ವೇಗ ಇಳಿಸಿ ಸರಿಮಾಡಿಕೊಳ್ಳಬಹುದು. ಹಿಂದಿನದು ಜಾರಿದರೆ ಕಾರೇ ಗಿರ್ರನೆ ತಿರುಗುತ್ತದೆ. ಚಾಮುಂಡಿ ಬೆಟ್ಟದ ಇಳಿಜಾರಿನಲ್ಲಿ ಹಾಗಾದರೆ ಯೋಚಿಸಿ.

ಜರ್ಮನಿಯ ಚಳಿಗಾಲದ ಟೈರು ನಮಗೆ ಬೇಡ. ಬೇಕಿರುವುದು ಅವರ ಹಾಗೆ ಟೈರು ನೋಡಲು ಒಂದು ಗೊತ್ತಾದ ದಿನ. ಚಳಿಗಾಲದ ಟೈರು ಅಕ್ಟೋಬರ್‌ನಿಂದ ಈಸ್ಟರ್‌ವರೆಗೆ ಅಂತ ಅವರಲ್ಲಿ ಒಂದು ಗಾದೆಯೇ ಇದೆ. ಅದಕ್ಕೇ ವರ್ಷಕ್ಕೆ ಎರಡು ಸಲ ಪ್ರತಿ ಟೈರೂ ಬಿಚ್ಚಿ ಯಾರಾದರೊಬ್ಬರ ಕಣ್ಣಿಗೆ ಬೀಳುತ್ತದೆ. ನಮಗೆ ಅಂಥ ದಿನ ಹಿಂದಿನವರೇ ಕೊಟ್ಟಿದ್ದಾರೆ. ಆಯುಧಪೂಜೆಯ ದಿನ ಮೈಸೂರು ಮಂಡ್ಯದಲ್ಲಿ ಚಕ್ರದ ಹತ್ತಿರ ಕೂರದ ಮನೆಯೇ ಇಲ್ಲ. ಕೂತಾಗ ಅಂಕಿ ಓದಿ, ಗೀರಿಗೆ ಬೆರಳಿಡಿ, ಸ್ಟೆಪ್ನಿಯನ್ನೂ ಹೊರಗೆ ತೆಗೆದು ಅದಕ್ಕೂ ಕುಂಕುಮ ಇಡಿ. ಐದು ವರ್ಷ ದಾಟಿದ್ದರೆ ಗೊತ್ತಿದ್ದವರಿಗೆ ತೋರಿಸಿ. ಹತ್ತಾಗಿದ್ದರೆ ಗ್ರಿಪ್ ಎಷ್ಟೇ ಇರಲಿ, ತೆಗೆದುಬಿಡಿ.

ನಾನು ವಾಪಸ್ ಬಂದ ಮೇಲೆ ಭಾವ ಬೆಂಗಳೂರಿಗೆ ಹೋಗಿಬಂದರು. ರಾತ್ರಿ ಫೋನ್ ಮಾಡಿದ್ದರು. ಹೊರಡುವ ಮೊದಲು ಬಂಕಿನಲ್ಲಿ ಗಾಳಿ ಹಾಕುವ ಹುಡುಗ ಎಂದಿನ ಹಾಗೆ "ಎಷ್ಟು ಹಾಕ್ಲಿ ಸಾರ್, ಮೂವತ್ತಾ?" ಅಂತ ಕೇಳಿದನಂತೆ. ಭಾವ ಡ್ರೈವರ್ ಬಾಗಿಲು ತೆಗೆದು, ಬಾಗಿಲ ಪಕ್ಕದ ಕಂಬದ ಮೇಲೆ ಕಂಪನಿಯವರು ಅಂಟಿಸಿದ ಗಾಳಿ ಲೆಕ್ಕದ ಚೀಟಿ ತೋರಿಸಿದ್ದಾರೆ. ಐದು ಜನ, ಲಗೇಜ್ ಇದ್ದರೆ ಹಿಂದಿನದಕ್ಕೆ ಬೇರೆ ಲೆಕ್ಕ ಅಂತ ಅದರಲ್ಲಿ ಬರೆದಿತ್ತು. "ಇದು ಇಲ್ಲಿರುತ್ತಾ ಸಾರ್?" ಅಂತ ಹುಡುಗನೂ ಬಗ್ಗಿ ಓದಿದನಂತೆ. ಹಿಂದೆ ನಿಂತಿದ್ದ ಕಾರಿನವರೂ ಇಳಿದು ತಮ್ಮ ಬಾಗಿಲು ತೆಗೆದು ನೋಡಿದರಂತೆ.