ಬಳ್ಳಾರಿ ಜೀನ್ಸಿನ ಆನ್‌ಲೈನ್ ಅಂಗಡಿ: ಮೊದಲ ನೂರು ಪಾರ್ಸೆಲ್ಲಿನ ಲೆಕ್ಕ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವವರು ಆನ್‌ಲೈನಿನಲ್ಲಿ ಮಾರಬೇಕು ಅಂದುಕೊಂಡರೆ ಮೊದಲು ಕೇಳುವುದು ಒಂದೇ ಮಾತು: "ವೆಬ್‌ಸೈಟಿಗೆ ಎಷ್ಟಾಗ್ತದ?" ಮೂವತ್ತು ಸಾವಿರ, ಐವತ್ತು ಸಾವಿರ ಅಂತ ಯಾರೋ ಹೇಳುತ್ತಾರೆ, ಇವರು ಕೊಡುತ್ತಾರೆ. ನಾನಿರುವ ಜರ್ಮನಿಯಲ್ಲಿ ಅಷ್ಟೇ ಚಿಕ್ಕ ಅಂಗಡಿಯವರು ಈ ಪ್ರಶ್ನೆಯನ್ನು ಕೊನೆಗೆ ಕೇಳುತ್ತಾರೆ. ಅವರೇನೂ ಹೆಚ್ಚು ಜಾಣರಲ್ಲ. ಇಲ್ಲಿಯ ಕಾನೂನು ಅವರನ್ನು ಬೇರೆ ತುದಿಯಿಂದ ಶುರು ಮಾಡಿಸುತ್ತದೆ.

ಇಲ್ಲಿ ಮೊದಲ ಆರ್ಡರ್ ಬರುವ ಮುಂಚೆಯೇ ಮೂರು ಕೆಲಸ ಮುಗಿದಿರಬೇಕು. ಮಾರುವವರ ಪೂರ್ತಿ ಹೆಸರು, ವಿಳಾಸ, ಇಮೇಲ್ ಇರುವ 'ಇಂಪ್ರೆಸುಮ್' ಪುಟ ಸೈಟಿನಲ್ಲಿ ಇರಬೇಕು. ಇಲ್ಲದಿದ್ದರೆ ಪೈಪೋಟಿಯವರ ವಕೀಲರಿಂದಲೇ ನೋಟಿಸು ಬರಬಹುದು. ಗಿರಾಕಿಗೆ ಕಳಿಸುವ ಚೀಲ, ಡಬ್ಬಿಗಳನ್ನು 'ಲುಸಿಡ್' ದಾಖಲೆಯಲ್ಲಿ ನೋಂದಾಯಿಸಿ ಮರುಬಳಕೆಯ ಶುಲ್ಕ ಕಟ್ಟಬೇಕು. ನೋಂದಣಿ ಉಚಿತ, ಆದರೆ ಒಂದೇ ಪಾರ್ಸೆಲ್ ಕಳಿಸಿದರೂ ವಿನಾಯಿತಿ ಇಲ್ಲ. ಕೊಂಡವರು 14 ದಿನದೊಳಗೆ ಕಾರಣ ಹೇಳದೆ ವಾಪಸು ಮಾಡಬಹುದು ಅನ್ನುವುದನ್ನೂ ಮೊದಲೇ ಬರೆದು ತಿಳಿಸಬೇಕು. ತಿಳಿಸದಿದ್ದರೆ ಆ ಗಡುವಿಗೆ ಇನ್ನೂ 12 ತಿಂಗಳು ಸೇರಿಕೊಳ್ಳುತ್ತದೆ. ಹೀಗಾಗಿ ಇಲ್ಲಿಯವರ ಲೆಕ್ಕದಲ್ಲಿ ವಾಪಸು ಬರುವ ಪಾರ್ಸೆಲ್ ಮೊದಲ ದಿನದಿಂದಲೂ ಇರುತ್ತದೆ. ಊರಿನವರಿಗೆ ಅದು ಮೂರು ತಿಂಗಳಾದ ಮೇಲೆ ಕೊರಿಯರ್ ಬಿಲ್ಲಿನಲ್ಲಿ ಕಾಣುತ್ತದೆ.

ಮೊದಲು ವೆಬ್‌ಸೈಟಿನ ಖರ್ಚನ್ನು ಮುಗಿಸಿಬಿಡುತ್ತೇನೆ, ಯಾಕಂದರೆ ಅದು ಚಿಕ್ಕದು. ವರ್ಷಕ್ಕೆ ಡೊಮೇನ್, ಅಂದರೆ ಸೈಟಿನ ಹೆಸರು, ಸಾವಿರದ ಆಸುಪಾಸು. ಸಾಧಾರಣ ಹೋಸ್ಟಿಂಗ್, ಅಂದರೆ ಸೈಟು ಇಡುವ ಜಾಗದ ಬಾಡಿಗೆ, ಮೂರರಿಂದ ಆರು ಸಾವಿರ. ಅಂಗಡಿಯ ಸೈಟು ಕಟ್ಟುವ ವೂಕಾಮರ್ಸ್ ತಂತ್ರಾಂಶ ಉಚಿತ. ಎರಡು ಕಡೆ ಎಚ್ಚರ ಬೇಕು. ಹೋಸ್ಟಿಂಗಿನ ಮೊದಲ ವರ್ಷದ ದರ ನೋಡಿ ಒಪ್ಪಿಕೊಳ್ಳಬೇಡಿ, ನವೀಕರಣದ ದರ ಎರಡು ಮೂರು ಪಟ್ಟು ಇರುತ್ತದೆ. ಡೊಮೇನನ್ನು ಸೈಟು ಮಾಡಿಕೊಡುವವರ ಹೆಸರಿನಲ್ಲಿ ಅಲ್ಲ, ನಿಮ್ಮ ಇಮೇಲಿನಲ್ಲಿ, ನಿಮ್ಮ ಹೆಸರಿನಲ್ಲೇ ಕೊಳ್ಳಿ. ಇಲ್ಲವಾದರೆ ಅವರೊಂದಿಗೆ ಮಾತು ಕೆಟ್ಟ ದಿನ ಅಂಗಡಿಯ ಹೆಸರೂ ಕೈಬಿಡುತ್ತದೆ. ಇಪ್ಪತ್ತು ಡಿಸೈನ್ ಇರುವ ಅಂಗಡಿಗೆ ಶುರುವಿಗೆ ವಾಟ್ಸಾಪ್ ಬಿಸಿನೆಸ್‌ನ ಕ್ಯಾಟಲಾಗ್, ಯುಪಿಐ ಕ್ಯೂಆರ್ ಸಾಕು. ಅದಕ್ಕೆ ಒಂದು ರೂಪಾಯಿಯೂ ಬೇಡ. ಯುಪಿಐ ವಿಷಯದಲ್ಲಿ ಊರು ಜರ್ಮನಿಗಿಂತ ಬಹಳ ಮುಂದಿದೆ, ಇಲ್ಲಿ ಅಷ್ಟು ಅಗ್ಗದ ದಾರಿ ಚಿಕ್ಕ ವ್ಯಾಪಾರಿಗೆ ಸಿಗುವುದಿಲ್ಲ.

ದೊಡ್ಡ ಖರ್ಚು ಶುರುವಾಗುವುದು ತಕ್ಕಡಿಯಲ್ಲಿ. ಗಂಡಸರ ಒಂದು ಜೀನ್ಸ್ ಪ್ಯಾಂಟು ಸುಮಾರು 600 ಗ್ರಾಂ ತೂಗುತ್ತದೆ. ಕೊರಿಯರ್ ದರದ ಮೊದಲ ಹಂತ 500 ಗ್ರಾಂ. ಟೀ ಶರ್ಟು ಮಾರುವವರು ಮೊದಲ ಹಂತದಲ್ಲೇ ಉಳಿಯುತ್ತಾರೆ, ಜೀನ್ಸಿನವರು ಪ್ರತಿ ಸಲವೂ ಎರಡನೆಯದಕ್ಕೆ ಹೋಗುತ್ತಾರೆ. ಅದರ ಮೇಲೆ ಗಾತ್ರದ ತೂಕ: ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ, ನಿಜವಾದ ತೂಕ ಮತ್ತು ಇದರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಿಲ್ಲು. 30, 25, 5 ಸೆಂಟಿಮೀಟರಿನ ಕೊರಿಯರ್ ಚೀಲ ಮುಕ್ಕಾಲು ಕಿಲೋ ಆಗುತ್ತದೆ. ಚೆಂದ ಕಾಣಲಿ ಅಂತ ಅದೇ ಪ್ಯಾಂಟನ್ನು 35, 28, 10ರ ರಟ್ಟಿನ ಡಬ್ಬಿಯಲ್ಲಿ ಹಾಕಿದರೆ 1.96 ಕಿಲೋ, ಅಂದರೆ ಎರಡು ಕಿಲೋ ದರ. ಡಬ್ಬಿಯ ಬೆಲೆ ಬೇರೆ. ಪಾರ್ಸೆಲ್ಲನ್ನು ತಕ್ಕಡಿ ಮೇಲಿಟ್ಟು, ಪಕ್ಕದಲ್ಲಿ ಅಳತೆ ಟೇಪು ಇಟ್ಟು ಒಂದು ಫೋಟೊ ತೆಗೆದಿಡಿ. ತೂಕದ ತಕರಾರು ಬಂದಾಗ ಕೊರಿಯರಿನವರಿಗೆ ತೋರಿಸಲು ನಿಮ್ಮ ಹತ್ತಿರ ಇರುವ ಸಾಕ್ಷಿ ಅದೊಂದೇ.

ಈಗ ನೂರು ಆರ್ಡರಿನ ಲೆಕ್ಕ. ಅಂಕಿಗಳು ಉದಾಹರಣೆಗೆ ಇಟ್ಟವು, ನಿಮ್ಮ ದರ ಹಾಕಿ ಮತ್ತೆ ಮಾಡಿ. ಪ್ಯಾಂಟಿನ ಮಾರಾಟ ಬೆಲೆ 799, ತಯಾರಿ ಬೆಲೆ 420. ಎಲ್ಲವೂ ಕ್ಯಾಶ್ ಆನ್ ಡೆಲಿವರಿ, ನೂರರಲ್ಲಿ 20 ಯಾರೂ ತಗೊಳ್ಳದೆ ವಾಪಸು ಬಂದವು ಅಂತ ಇಟ್ಟುಕೊಳ್ಳಿ. ಕೈಗೆ ಬಂದದ್ದು 63,920. ಅದರೊಳಗಿನ ಶೇ 5 ಜಿಎಸ್‌ಟಿ 3,044. ಮಾರಿದ 80 ಪ್ಯಾಂಟಿನ ತಯಾರಿ 33,600. ಹೋಗುವ ಕೊರಿಯರ್ 90ರಂತೆ 9,000, ರೊಕ್ಕ ವಸೂಲಿಗೆ 40ರಂತೆ 3,200, ವಾಪಸು ಬಂದದ್ದಕ್ಕೆ 80ರಂತೆ 1,600, ಪ್ಯಾಕಿಂಗ್ 1,000. ಹತ್ತು ಮಂದಿ ಸೈಜು ಬದಲಿಸಿದರೆ ಒಂದಕ್ಕೆ 170ರಂತೆ 1,700. ಉಳಿದದ್ದು 10,776. ಇನ್‌ಸ್ಟಾಗ್ರಾಮ್ ಜಾಹೀರಾತಿಗೆ ಆರ್ಡರಿಗೆ ನೂರು ರೂಪಾಯಿ ಹೋಗಿದ್ದರೆ ಕೊನೆಗೆ ಕೈಯಲ್ಲಿ 776.

ಅದೇ ನೂರರಲ್ಲಿ ತಗೊಂಡವರ ಅರ್ಧ ಮಂದಿ 40 ರೂಪಾಯಿ ರಿಯಾಯಿತಿಗೆ ಮೊದಲೇ ಹಣ ಕಟ್ಟಿ, ಬರೀ 10 ವಾಪಸು ಬಂದರೆ? ರಿಯಾಯಿತಿ, ಆನ್‌ಲೈನಿನಲ್ಲಿ ಹಣ ಪಡೆದುಕೊಡುವ ಪೇಮೆಂಟ್ ಗೇಟ್‌ವೇಯ ಸುಮಾರು ಶೇ 2 ಎಲ್ಲ ಕಳೆದ ಮೇಲೂ 4,000ದ ಹತ್ತಿರ ಉಳಿಯುತ್ತದೆ. ಬಟ್ಟೆ ಅದೇ, ಜಾಹೀರಾತೂ ಅದೇ. ಐವತ್ತು ಸಾವಿರದ ವೆಬ್‌ಸೈಟಿನಿಂದ ಈ ಅಂತರ ಬರುವುದಿಲ್ಲ. ಆರ್ಡರ್ ಬಂದ ಗಳಿಗೆಗೆ ಗಿರಾಕಿಗೆ ಫೋನ್ ಮಾಡಿ "ಅಕ್ಕಾರ, 32 ಸೈಜೇ ಅಲ್ರೀ? ಮನಿ ಹತ್ತಿರ ಗುರುತು ಏನೈತಿ?" ಅಂತ ಕೇಳುವ ಒಬ್ಬರಿಂದ ಬರುತ್ತದೆ. ಜರ್ಮನಿಯಲ್ಲಿ ಮಾಲು ತಲುಪಿದ ಮೇಲೆ ಬಿಲ್ಲು ನೋಡಿ ಹಣ ಕಟ್ಟುವ ರೂಢಿ ಬಲವಾಗಿದೆ. ಬಾಗಿಲಲ್ಲಿ ರೊಕ್ಕ ಕೊಡುವುದು ವಿರಳ. ಆದರೆ ಹಾಗೆ ಫೋನ್ ಮಾಡಿ ವಿಚಾರಿಸುವ ಸಲುಗೆ ಇಲ್ಲಿ ಇಲ್ಲ. ಊರಿನವರಿಗೆ ಇರುವ ಈ ಅನುಕೂಲವನ್ನು ಬಿಡಬಾರದು.

ಸೈಜಿನ ವಿಷಯದಲ್ಲಿ ಮಾತ್ರ ಇಲ್ಲಿಯ ಪದ್ಧತಿಯನ್ನು ಹಾಗೇ ಎತ್ತಿಕೊಳ್ಳಬೇಕು. ಇಲ್ಲಿ ಪ್ಯಾಂಟಿನ ಚೀಟಿಯಲ್ಲಿ ಸೊಂಟ, ಕಾಲುದ್ದ ಎರಡೂ ಬೇರೆ ಬೇರೆ ಇಂಚಿನಲ್ಲಿರುತ್ತವೆ. ನಮ್ಮಲ್ಲಿ ಸಾಮಾನ್ಯವಾಗಿ ಬರೀ 32. ಕಟಿಂಗ್ ಟೇಬಲ್ಲಿನ ಮೇಲೆ 32 ಇದ್ದದ್ದು ವಾಷಿಂಗ್ ಘಟಕದಿಂದ ಬಂದ ಮೇಲೆ 32 ಆಗಿರುತ್ತದೆಂಬ ಖಾತ್ರಿ ಇಲ್ಲ. ಹತ್ತಿಯ ಡೆನಿಮ್ ಬಿಸಿನೀರಿಗೆ ಕುಗ್ಗುತ್ತದೆ, ಎಷ್ಟು ಅನ್ನುವುದು ಬಟ್ಟೆಯ ಥಾನಿನಿಂದ ಥಾನಿಗೆ ಬದಲಾಗುತ್ತದೆ. ಅದಕ್ಕೇ ಅಳತೆ ಯಾವಾಗಲೂ ವಾಷಿಂಗ್ ಆದ ಮೇಲೆ, ಪ್ರತಿ ಲಾಟಿನಿಂದ ಐದು ಪೀಸು ತೆಗೆದು. ಪ್ಯಾಂಟನ್ನು ಚಪ್ಪಟೆ ಹಾಸಿ ಸೊಂಟ, ತೊಡೆ, ಒಳಗಾಲು, ಕೆಳಗಿನ ಅಂಚು ಅಳೆಯಿರಿ. ಐದರಲ್ಲಿ ಅರ್ಧ ಇಂಚಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಲಾಟನ್ನು ಆನ್‌ಲೈನಿಗೆ ಹಾಕಬೇಡಿ, ಕೈಯಲ್ಲಿ ಹಿಡಿದು ನೋಡಿ ಕೊಳ್ಳುವವರಿಗೆ ಮಾರಿ. ಫೋಟೊ ಬೆಳಗಿನ ಹೊತ್ತು ಕಿಟಕಿಯ ಬೆಳಕಿನಲ್ಲಿ, ಬಿಳಿ ಹಾಳೆಯ ಮೇಲೆ. ಟ್ಯೂಬ್‌ಲೈಟಿನಲ್ಲಿ ತೆಗೆದರೆ ನೀಲಿ ಬಣ್ಣವೇ ಬೇರೆಯಾಗಿ ಬಂದು "ಕಲರ್ ಬ್ಯಾರೆ ಐತಿ" ಅಂತ ವಾಪಸು ಬರುತ್ತದೆ. ಮೊದಲ ಒಗೆತದಲ್ಲಿ ಬಣ್ಣ ಬಿಡುವುದಿದ್ದರೆ ಅದನ್ನೂ ಬರೆಯಿರಿ.

ಜಿಎಸ್‌ಟಿ ಎಲ್ಲಿ ಬೇಕು ಅನ್ನುವುದು ಗಡಿ ಜಿಲ್ಲೆಯವರಿಗೆ ಮುಖ್ಯ. ಬಳ್ಳಾರಿಯಿಂದ ಬೀದರಿಗೆ ಕಳಿಸಿದರೆ ರಾಜ್ಯದೊಳಗಿನ ವ್ಯಾಪಾರ, ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಕಡ್ಡಾಯವಲ್ಲ. ಮಗ್ಗುಲಲ್ಲೇ ಇರುವ ಗುಂತಕಲ್ಲಿಗೆ ಒಂದು ಪ್ಯಾಂಟು ಕಳಿಸಿದರೆ ಅದು ಆಂಧ್ರ, ಮೊದಲ ಪೀಸಿನಿಂದಲೇ ನೋಂದಣಿ ಬೇಕು. ರಾಯಚೂರಿನವರಿಗೆ ಮಂತ್ರಾಲಯವೂ ಹಾಗೆಯೇ. 2023ರ ಅಕ್ಟೋಬರ್ 1ರಿಂದ ನೋಂದಣಿ ಇಲ್ಲದ ಚಿಕ್ಕ ವ್ಯಾಪಾರಿಗಳೂ ದೊಡ್ಡ ಮಾರಾಟ ತಾಣಗಳಲ್ಲಿ ಮಾರಬಹುದು, ಆದರೆ ಸ್ವಂತ ರಾಜ್ಯದೊಳಗೆ ಮಾತ್ರ. ಕೊಪ್ಪಳದ ಕಿನ್ನಾಳ ಗೊಂಬೆ, ಸಂಡೂರಿನ ಲಂಬಾಣಿ ಕಸೂತಿಯಂತಹ ಕೈಕಸುಬಿನ ಮಾಲನ್ನು ಸ್ವಂತವಾಗಿ ಹೊರರಾಜ್ಯಕ್ಕೆ ಕಳಿಸುವವರಿಗೆ ಮಿತಿಯೊಳಗೆ ವಿನಾಯಿತಿ ಇದೆ. ಪ್ಯಾನ್ ಇರಬೇಕು, ಮಾಲು ಎಷ್ಟೇ ಕಡಿಮೆ ಬೆಲೆಯದಾದರೂ ಇ-ವೇ ಬಿಲ್, ಅಂದರೆ ಮಾಲು ಸಾಗಿಸುವ ಆನ್‌ಲೈನ್ ರಹದಾರಿ, ಮಾಡಬೇಕು.

ಜಿಎಸ್‌ಟಿ ನೋಂದಣಿಗೂ ಚಿಕ್ಕ ಉದ್ಯಮಗಳಿಗೆ ಕೊಡುವ ಉದ್ಯಮ್ ಪ್ರಮಾಣಪತ್ರಕ್ಕೂ ಸರ್ಕಾರಿ ಶುಲ್ಕ ಇಲ್ಲ. ಎರಡು ಮೂರು ಸಾವಿರ ಕೇಳುವವರು ಫಾರಂ ತುಂಬುವ ಕೂಲಿ ಕೇಳುತ್ತಿದ್ದಾರೆ ಅಷ್ಟೇ. ಖರ್ಚು ಆಮೇಲಿನದು: ವ್ಯಾಪಾರ ಆಗದಿದ್ದರೂ ಜಿಎಸ್‌ಟಿ ರಿಟರ್ನ್, ಅಂದರೆ ತೆರಿಗೆಯ ಲೆಕ್ಕಪತ್ರ ಸಲ್ಲಿಸಬೇಕು, ತಡವಾದರೆ ಸೊನ್ನೆ ರಿಟರ್ನಿಗೂ ದಿನಕ್ಕೆ 20 ರೂಪಾಯಿ ದಂಡ. ಲೆಕ್ಕ ಬರೆಯುವವರಿಗೆ ತಿಂಗಳಿಗೆ ಐನೂರೋ ಸಾವಿರವೋ ಕೊಡುವುದನ್ನು ವೆಬ್‌ಸೈಟಿನ ಹೋಸ್ಟಿಂಗಿಗಿಂತ ಮೊದಲೇ ಪಟ್ಟಿಯಲ್ಲಿ ಬರೆದುಕೊಳ್ಳಿ.

ಗಿರಾಕಿಯ ದೂರಿನ ನಿಯಮ ನಮ್ಮಲ್ಲೂ ಇದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅಂಗಡಿಯ ಕಾನೂನುಬದ್ಧ ಹೆಸರು, ವಿಳಾಸ, ದೂರು ಕೇಳುವವರ ಹೆಸರು ಸೈಟಿನಲ್ಲಿ ಕಾಣಬೇಕು, ದೂರು ಬಂದ 48 ಗಂಟೆಯೊಳಗೆ ಅದು ತಲುಪಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ನಮ್ಮ ಕಡೆಯ ಚಿಕ್ಕ ಸೈಟುಗಳಲ್ಲಿ ಈ ಪುಟವೇ ಇರುವುದಿಲ್ಲ, ಇದ್ದರೂ ಬೇರೆ ಕಂಪನಿಯದರಿಂದ ನಕಲು ಮಾಡಿದ್ದು. ಸೈಜು ಬದಲಿಗೆ ಎಷ್ಟು ದಿನ, ಕೊರಿಯರ್ ಯಾರದು, ಒಗೆದದ್ದನ್ನು ತಗೋತೀರೋ ಇಲ್ಲವೋ, ಇಷ್ಟನ್ನು ಐದು ಸಾಲಿನ ಸರಳ ಕನ್ನಡದಲ್ಲಿ ಬರೆದು, ಅದನ್ನೇ ಚೀಟಿ ಮಾಡಿ ಪಾರ್ಸೆಲ್ಲಿನೊಳಗೂ ಹಾಕಿ. ಹೊರರಾಜ್ಯಕ್ಕೆ ಹೋಗುವ ಪಾರ್ಸೆಲ್ಲಿಗೆ ಅದೇ ಐದು ಸಾಲು ತೆಲುಗಿನಲ್ಲೋ ಹಿಂದಿಯಲ್ಲೋ ಇರಲಿ.