ಸಾಕಲಾಗದ ನಾಯಿಯನ್ನು ಶೆಲ್ಟರ್ ತಕ್ಷಣ ತೆಗೆದುಕೊಳ್ಳಲೇಬೇಕಾ? ಪರ-ವಿರೋಧ

‘ನಮ್ಮ ನಾಯಿಯನ್ನ ನೀವು ಇಟ್ಕೊಳ್ತೀರಾ?’ ಬೆಂಗಳೂರಿನಲ್ಲಿ ಪ್ರಾಣಿಗಳ ಶೆಲ್ಟರ್ ನಡೆಸುವವರಿಗೆ ಇಂಥ ಫೋನ್ ಹೊಸದಲ್ಲ. ಬೀದಿಯಲ್ಲಿ ಪೆಟ್ಟು ತಿಂದ ನಾಯಿಯ ವಿಷಯ ಬೇರೆ. ಇದು ಹೆಸರಿಟ್ಟು, ಸೋಫಾ ಮೇಲೆ ಮಲಗಿಸಿಕೊಂಡು ಸಾಕಿದ ನಾಯಿ. ಕರೆತಂದ ಕೂಡಲೇ ಒಳಗೆ ಬಿಟ್ಟುಕೊಳ್ಳಬೇಕಾ, ಇಲ್ಲ ‘ಸ್ವಲ್ಪ ಕಾಯಿರಿ’ ಅನ್ನಬಹುದಾ?

ಪರ: ಗೇಟು ತೆರೆದಿರಲಿ

ಶೆಲ್ಟರ್ ಗೇಟು ಹಾಕಿಕೊಂಡರೆ ನಾಯಿ ಸೀದಾ ಮನೆಗೆ ವಾಪಸ್ ಹೋಗುತ್ತದೆ ಅಂದುಕೊಳ್ಳಬೇಡಿ. ಕೆಲವು ಹೋಗುತ್ತವೆ. ಇನ್ನು ಕೆಲವನ್ನು ರಾತ್ರಿ ಹೊತ್ತು ಊರಾಚೆಯ ಯಾವುದೋ ಖಾಲಿ ಲೇಔಟಿನಲ್ಲಿ ಕಾರಿನಿಂದ ಇಳಿಸಿ ಬರುತ್ತಾರೆ.

ಬೀದಿಯಲ್ಲಿ ಹುಟ್ಟಿದ ನಾಯಿಗೆ ಬೀದಿ ಗೊತ್ತು. ಯಾವ ಅಂಗಡಿಯವರು ಬಿಸ್ಕೆಟ್ ಹಾಕುತ್ತಾರೆ, ಯಾವ ತಿರುವಿನಲ್ಲಿ ಬಸ್ಸು ಜೋರಾಗಿ ಬರುತ್ತದೆ, ತನ್ನ ಗಡಿ ಎಲ್ಲಿಗೆ ಮುಗಿಯುತ್ತದೆ, ಎಲ್ಲ ಗೊತ್ತು. 2023ರ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮಗಳು ಕೂಡ ಬೀದಿ ನಾಯಿಗೆ ಸಂತಾನಹರಣ ಆಪರೇಷನ್ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಿ, ಹಿಡಿದ ಜಾಗಕ್ಕೇ ಬಿಡಬೇಕು ಎನ್ನುತ್ತವೆ. ಸೋಫಾ ನಾಯಿಗೆ ಅಂಥ ಜಾಗ ಎಲ್ಲಿದೆ? ಉದ್ದ ಕೂದಲಿನ ಪುಟ್ಟ ಜಾತಿ ನಾಯಿ ಶಿಹ್ ತ್ಸು ರಸ್ತೆಗೆ ಬಿದ್ದದ್ದನ್ನು ನೋಡಿದ್ದೀರಾ? ಕೂದಲು ಗಂಟುಕಟ್ಟಿ ಕಣ್ಣೇ ಮುಚ್ಚಿರುತ್ತದೆ. ಗಂಟಿನೊಳಗೆ ರಕ್ತ ಹೀರುವ ಉಣ್ಣಿಗಳು. ಅವುಗಳಿಂದ ಟಿಕ್ ಫೀವರ್. ಬೀದಿ ನಾಯಿಗಳು ಗುಂಪುಕಟ್ಟಿ ಬಂದರೆ ಎತ್ತ ಓಡಬೇಕು ಅನ್ನೋದೂ ಅದಕ್ಕೆ ಗೊತ್ತಿರಲ್ಲ.

ಕಾನೂನಿಗೆ ಹೆದರಿ ಜನ ಸುಮ್ಮನಿರುತ್ತಾರೆ ಅನ್ನೋ ಹಾಗೂ ಇಲ್ಲ. ಹಸಿವು, ಬಾಯಾರಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧವೇ. ಆದರೆ ಮೊದಲ ಸಲಕ್ಕೆ ಅದು ಹೇಳುವ ದಂಡ 10ರಿಂದ 50 ರೂಪಾಯಿ. ಇವತ್ತಿನ ಒಂದು ಮಸಾಲೆ ದೋಸೆಗೂ ಸಾಲದು.

ಕೈಬಿಡುವವರೆಲ್ಲ ಕಲ್ಲು ಮನಸ್ಸಿನವರೂ ಅಲ್ಲ. ಸಾಕಿದ ಅಜ್ಜ ತೀರಿಕೊಂಡಿರುತ್ತಾರೆ, ಮಕ್ಕಳು ಹೊರದೇಶದಲ್ಲಿ. ಕೆಲವರಿಗೆ ಕೆಲಸ ಹೋಗಿರುತ್ತದೆ. ಅಂಥವರು ಅಳುತ್ತಾ ಬಂದಾಗ ‘ಸಾಕಕ್ಕೆ ಆಗದಿದ್ರೆ ಯಾಕೆ ತಂದ್ರಿ?’ ಎಂದು ಬೈದರೆ ಮುಂದಿನವರು ನಿಜ ಹೇಳುವುದನ್ನೇ ಬಿಡುತ್ತಾರೆ. ‘ರೋಡಲ್ಲಿ ಸಿಕ್ತು ಮೇಡಂ’ ಅಂದುಬಿಡುತ್ತಾರೆ. ಅಲ್ಲಿಗೆ ನಾಯಿಯ ಹೆಸರು ಹೋಯಿತು, ಲಸಿಕೆಯ ಪುಸ್ತಕ ಹೋಯಿತು. ಮಕ್ಕಳನ್ನು ಕಂಡರೆ ಕಚ್ಚುತ್ತದಾ ಅನ್ನೋದೂ ಗೊತ್ತಾಗಲ್ಲ.

ಮುಚ್ಚುಮರೆ ಇಲ್ಲದೆ ಒಪ್ಪಿಸಿದರೆ ಲೆಕ್ಕವೇ ಬೇರೆ. ಕುಕ್ಕರ್ ಸೀಟಿಗೆ ಹೆದರಿ ಮಂಚದ ಕೆಳಗೆ ಸೇರುತ್ತದೆ, ಉಣ್ಣುವಾಗ ತಟ್ಟೆ ಹತ್ತಿರ ಕೈ ಒಯ್ದರೆ ಗುರ್ ಅನ್ನುತ್ತದೆ, ಮೊಸರನ್ನವನ್ನು ಕೈಯಲ್ಲಿ ಕಲಸಿದರೆ ಮಾತ್ರ ತಿನ್ನುತ್ತದೆ. ಇಷ್ಟನ್ನು ಬರೆದುಕೊಟ್ಟು, ಅದು ಮಲಗುತ್ತಿದ್ದ ಹಳೇ ಬೆಡ್‌ಶೀಟನ್ನೂ ಜೊತೆಗೆ ಕಳಿಸಿದರೆ ಮುಂದಿನ ಮನೆ ಹುಡುಕುವುದು ಎಷ್ಟೋ ಸಲೀಸು. ಈ ಮಾಹಿತಿ ಸಿಗುವುದು ಬಂದವರನ್ನು ಕೂರಿಸಿ, ಒಂದು ಲೋಟ ನೀರು ಕೊಟ್ಟು ಮಾತಾಡಿಸಿದಾಗ.

ವಿರೋಧ: ಮೊದಲು ಮಾತಾಡೋಣ

ನೀರು ಕೊಡಲಿ, ಕೂರಿಸಲಿ. ನಾಯಿಯನ್ನು ಅವತ್ತೇ ಇಳಿಸಿಕೊಳ್ಳಬೇಕು ಅನ್ನೋದಕ್ಕೆ ಮಾತ್ರ ನನ್ನ ತಕರಾರು.

ಎರಡು ನಾಯಿಯ ಕೆನಲ್‌ಗೆ ಐದನ್ನು ತುಂಬಿದರೆ ಊಟದ ಹೊತ್ತಿಗೆ ಜಗಳ ಗ್ಯಾರಂಟಿ. ಅದಕ್ಕಿಂತ ಜಾಸ್ತಿ ಭಯ ಪಾರ್ವೋ ಅನ್ನೋ ವೈರಸ್ ಕಾಯಿಲೆಯದ್ದು. ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ದಿನಾ ಒರೆಸುವ ಫಿನೈಲ್‌ಗೆ ಬಗ್ಗಲ್ಲ, ಬ್ಲೀಚ್ ಬೇಕು. ಲಸಿಕೆ ಆಗದ ಒಂದು ಮರಿ ಕಾಯಿಲೆ ತಂದರೆ ಪಕ್ಕದ ಮರಿಗಳಿಗೂ ವಾಂತಿ, ರಕ್ತಭೇದಿ. ಹೊಸದಾಗಿ ಬಂದದ್ದನ್ನು ಕೆಲವು ದಿನ ಬೇರೆ ಇಡಲೇಬೇಕು. ಅಂಥ ಜಾಗ ಎಲ್ಲ ಕಡೆಯೂ ಕಡಿಮೆ. ಅದು ಮನೆಯಲ್ಲಿ ಚೆನ್ನಾಗಿಯೇ ಇದ್ದ ನಾಯಿಗೆ ಹೋದರೆ, ಸಂಜೆ ಆಟೊ ಗುದ್ದಿ ಕಾಲು ಮುರಿದುಕೊಂಡು ಬರುವ ನಾಟಿ ನಾಯಿಯನ್ನು ಎಲ್ಲಿ ಮಲಗಿಸೋದು?

ಇನ್ನು, ‘ಯಾಕೆ ಬಿಡ್ತಿದ್ದೀರಿ?’ ಎಂದು ಕೇಳಿದರೆ ಎಷ್ಟೋ ಕೇಸು ಅಲ್ಲೇ ಬಗೆಹರಿಯುತ್ತವೆ. ‘ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರು ಬೇಡ ಅಂತಾರೆ’ ಎನ್ನುವವರಿಗೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯ ಪ್ರಿಂಟ್ ಕೊಟ್ಟು ಕಳಿಸಬಹುದು. ಬಹುಮತವಿದ್ದರೂ ಸಾಕುಪ್ರಾಣಿಯನ್ನು ನಿಷೇಧಿಸುವಂತಿಲ್ಲ ಎಂದು ಅದರಲ್ಲಿದೆ. ‘ಮಗು ಬರುತ್ತೆ, ಬೆಕ್ಕು ಇರಬಾರದಂತೆ’ ಎಂಬುದು ಇನ್ನೊಂದು ಕಾರಣ. ಹೆದರಿಕೆ ಟಾಕ್ಸೊಪ್ಲಾಸ್ಮಾ ಬಗ್ಗೆ. ಬೆಕ್ಕಿನ ಮಲದಲ್ಲಿ ಬರುವ ಈ ಪರಾವಲಂಬಿ ಸೋಂಕು ಹರಡುವ ಹಂತಕ್ಕೆ ಬರಲು ಒಂದು ದಿನವಾದರೂ ಬೇಕು. ಬೆಕ್ಕಿನ ಮರಳ ತಟ್ಟೆಯನ್ನು ಗಂಡ ದಿನಾ ತೊಳೆದರೆ ಬೆಕ್ಕು ಮನೆಯಲ್ಲೇ ಇರಬಹುದು, ಅಲ್ವಾ? ಗಂಡನಿಗೆ ಕಷ್ಟವಾದರೆ ಆಗಲಿ.

ನಿಜವಾಗಿ ಸಾಕಲು ಆಗಲ್ಲ ಅನ್ನುವವರೂ ಹೊಸ ಮನೆ ಸಿಗುವವರೆಗೆ ನಾಯಿಯನ್ನು ತಮ್ಮಲ್ಲೇ ಇಟ್ಟುಕೊಳ್ಳಲಿ. ಶೆಲ್ಟರ್‌ನವರು ಫೋಟೊ ಹಾಕಿ, ದತ್ತು ಕೇಳುವವರ ಮನೆ ನೋಡಿ ಬರುತ್ತಾರೆ. ಬಾಡಿಗೆ ಮನೆಯಾದರೆ ಓನರ್ ಒಪ್ಪಿಗೆ ಕೇಳುತ್ತಾರೆ. ತೋಟ ಕಾಯಲು ಸರಪಳಿಗೆ ಕಟ್ಟಿ ಹಾಕುವವರನ್ನು ಸಾಗಹಾಕುತ್ತಾರೆ. ತನ್ನ ಮನೆಯಲ್ಲಿರುವ ನಾಯಿ ಫೋಟೊಗೆ ನಗುತ್ತದೆ, ಬಂದವರ ಕೈ ನೆಕ್ಕುತ್ತದೆ. ಅದೇ ನಾಯಿ ಕೆನಲ್‌ಗೆ ಬಂದರೆ ಊಟ ಬಿಟ್ಟು, ಗೋಡೆ ಕಡೆ ಮುಖ ಮಾಡಿ ಕೂತಿರಬಹುದು. ನೋಡಲು ಬಂದವರು ಪಕ್ಕದ ಮರಿಯನ್ನು ಎತ್ತಿಕೊಂಡು ಹೋಗುತ್ತಾರೆ. ಏಳು ವರ್ಷದ ನಾಯಿ ಅಲ್ಲೇ ಮುದಿಯಾಗುತ್ತದೆ.

ಯಾವಾಗಲೂ ತೆರೆದಿರುವ ಗೇಟಿನಿಂದ ಲಾಭ ಮಾಡಿಕೊಳ್ಳುವ ಇನ್ನೊಬ್ಬ ಇದ್ದಾನೆ. ಜಾತಿ ನಾಯಿ ಮಾರುವವನು. ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಎಂದು 2017ರ ನಿಯಮವಿದೆ. ಅದನ್ನು ಕೇಳುವವರು ಯಾರು? ಫ್ಲ್ಯಾಟಿಗೆ ಚಳಿ ದೇಶದ ಹಸ್ಕಿ ನಾಯಿಮರಿ ಮಾರಿದವನ ಕೆಲಸ ಹಣ ಎಣಿಸಿಕೊಂಡಲ್ಲಿಗೆ ಮುಗಿಯಿತು. ಒಂದು ವರ್ಷದ ಮೇಲೆ ಅದು ಊಳಿಡಲು ಶುರು ಮಾಡಿದಾಗ ಸಂಭಾಳಿಸುವುದು ಚಂದಾ ಎತ್ತಿ ನಡೆಯುವ ಶೆಲ್ಟರ್ ಪಾಲಿಗೆ.

ಅಜ್ಜ ತೀರಿಕೊಂಡ ಮನೆಯ ನಾಯಿಯನ್ನು ಅವತ್ತೇ ಒಳಗೆ ಕರೆದುಕೊಳ್ಳಲಿ, ಅದಕ್ಕೆ ನನ್ನದೂ ಒಪ್ಪಿಗೆ. ಅಲ್ಲಿ ಕಾಯಲು ಯಾರೂ ಉಳಿದಿಲ್ಲ. ಹಸ್ಕಿಯವರು ಇನ್ನೆರಡು ವಾರ ಕಾಯಬಹುದು. ಎಸಿ ಇರುವುದು ಅವರ ಮನೆಯಲ್ಲೇ.